ಮಾವಿಯಲ್ಲಿ ನಮ್ಮ ಗೊರವಂಕ ನೋಡಿ ಖುಷಿಪಟ್ಟಿದ್ದೆ, ಈಗ ತಲೆ ಕೆಟ್ಟಿದೆ

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಹವಾಯಿಯ ಮಾವಿ ದ್ವೀಪದಲ್ಲಿದ್ದೇನೆ. ಬಂದ ಹೊಸದರಲ್ಲಿ ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೇ ಗೊರವಂಕ! ಅದೇ ಹಳದಿ ಕಾಲು, ಅದೇ ಹಳದಿ ಕಣ್ಣಂಚು, ಅದೇ ಜಗಳಗಂಟಿ ದನಿ. ಗುಬ್ಬಚ್ಚಿನೂ ಇದೆ. ಚುಕ್ಕೆ ರಾಟವಾಳ ಹುಲ್ಲಿನ ಮೇಲೆ ತೂಗಾಡ್ತಾ ಬೀಜ ತಿನ್ನುತ್ತಿರುತ್ತೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಇದನ್ನ ನೋಡೋಕೆ ಅಷ್ಟು ದುಡ್ಡು ಕೊಟ್ಟು ಅಲ್ಲಿಗೆ ಹೋಗಬೇಕಿತ್ತಾ? ನಮ್ಮ ಹಿತ್ತಲಲ್ಲೇ ಇದೆಯಲ್ಲೇ" ಅಂದರು.

ಕಳೆದ ಶನಿವಾರ ಹಲೆಅಕಲಾ ಬೆಟ್ಟಕ್ಕೆ ಹೋಗಿದ್ದೆವು. ಅಲ್ಲಿ ಹೋಸ್ಮರ್ ಗ್ರೋವ್ ಅಂತ ಒಂದು ಜಾಗ, 2,000 ಮೀಟರಿಗೂ ಮೇಲೆ. ಸ್ವೆಟರ್ ಹಾಕಿದ್ದರೂ ಹಲ್ಲು ಕಟಕಟ. ಈ ದ್ವೀಪದ್ದೇ ಆದ ಹಕ್ಕಿಯನ್ನ ನಾನು ಮೊದಲ ಸಲ ನೋಡಿದ್ದು ಅಲ್ಲಿ. ಹೆಸರು ಇಇವಿ. ಟೈಪೋ ಅಲ್ಲ, ಹೆಸರೇ ಹಾಗೆ. ಮೈಯೆಲ್ಲಾ ಕಡುಕೆಂಪು, ರೆಕ್ಕೆ ಕಪ್ಪು, ಕೊಕ್ಕು ಕುಡುಗೋಲಿನ ಹಾಗೆ ಬಾಗಿದೆ. ಎರಡು ವರ್ಷ ಕೆಳಗೆ ಇದ್ದು ಇಂಥದ್ದು ಒಂದೂ ಕಂಡಿರಲಿಲ್ಲ ಅಂದಾಗ ಗೈಡ್ ಹೇಳಿದರು: ಕೆಳಗಿನ ಕಾಡಲ್ಲೂ ಇದ್ದವು, ಮಲೇರಿಯಾ ಬಂದು ಸತ್ತವು, ಚಳಿ ಇರೋ ಮೇಲಿನ ಕಾಡಲ್ಲಿ ಮಾತ್ರ ಉಳಿದಿವೆ. ಆಮೇಲೆ ನಗುತ್ತಲೇ ಒಂದು ಮಾತು ಸೇರಿಸಿದರು, ನಿಮ್ಮ ದೇಶದ ಹಕ್ಕಿಗಳಿಗೂ ಇದರಲ್ಲಿ ಪಾಲಿದೆ ಅಂತ.

ಅವತ್ತಿಂದ ಕಿಟಕಿ ಹತ್ತಿರ ಗೊರವಂಕ ಕೂತರೆ ಒಂಥರಾ ಆಗ್ತಿದೆ. ನಿಜಾನಾ ಇದು? ಗೊತ್ತಿರೋರು ಹೇಳಿ.

ಬರೀ ಓದೋನು

ಒಂದು ನಿಮಿಷ. ಹಕ್ಕಿಗೂ ಮಲೇರಿಯಾನಾ? ಅದಕ್ಕೂ ಚಳಿಜ್ವರ ಬರುತ್ತಾ? ನಮಗೆ ಹರಡುತ್ತಾ? ಮನೆ ಬಾಲ್ಕನಿಯಲ್ಲಿ ದಿನಾ ಪಾರಿವಾಳದ ಜೊತೆ ಯುದ್ಧ ಮಾಡೋನು ನಾನು, ಅದಕ್ಕೇ ಕೇಳ್ತಿದ್ದೇನೆ.

ಸ್ಲೈಡ್ ಮೇಷ್ಟ್ರು

@ಬರೀ ಓದೋನು, ಹರಡಲ್ಲ. ನಿಶ್ಚಿಂತೆಯಿಂದ ಯುದ್ಧ ಮಾಡಿ. ಪಾರಿವಾಳದಿಂದ ಬೇರೆ ಕಾಯಿಲೆ ಬರಬಹುದು, ಮಲೇರಿಯಾ ಬರಲ್ಲ.

ನಾನು ಕಲಬುರಗಿ ಕಡೆ ಲ್ಯಾಬ್ ಟೆಕ್ನಿಶಿಯನ್. ಇಪ್ಪತ್ತು ವರ್ಷದಿಂದ ರಕ್ತದ ಸ್ಲೈಡ್ ನೋಡೋದೇ ಕೆಲಸ. ಮನುಷ್ಯರಿಗೆ ಬರೋದು ಪ್ಲಾಸ್ಮೋಡಿಯಂ ವೈವಾಕ್ಸ್, ಫಾಲ್ಸಿಪಾರಂ ಇಂಥವು. ಅದನ್ನ ಹರಡೋದು ಅನಾಫಿಲಿಸ್ ಸೊಳ್ಳೆ. ಹಕ್ಕಿಗೆ ಬರೋದು ಅದೇ ಕುಟುಂಬದ ಬೇರೆ ಜೀವಿ, ಹವಾಯಿಯಲ್ಲಿ ಇರೋದರ ಹೆಸರು ಪ್ಲಾಸ್ಮೋಡಿಯಂ ರೆಲಿಕ್ಟಂ. ಅದನ್ನ ಅಲ್ಲಿ ಹರಡೋದು ಕ್ಯೂಲೆಕ್ಸ್ ಕ್ವಿಂಕ್ವಿಫೇಸಿಯೇಟಸ್. ಹೆಸರು ದೊಡ್ಡದು, ಆದರೆ ನಿಮಗೆಲ್ಲಾ ಪರಿಚಯದ್ದೇ. ರಾತ್ರಿ ಲೈಟ್ ಆರಿಸಿದ ಮೇಲೆ ಕಿವಿ ಹತ್ತಿರ ಬಂದು ಗುಂಯ್ ಅನ್ನೋ ಕಂದು ಸೊಳ್ಳೆ ಇದೆಯಲ್ಲ, ಅದು.

ನಮ್ಮ ಕಡೆ ಆನೆಕಾಲು ರೋಗ ಹರಡೋದೂ ಇದೇ ಸೊಳ್ಳೆ. ಅದರ ಹುಳದ ಮರಿಗಳು ಹಗಲು ಚರ್ಮದ ಹತ್ತಿರದ ರಕ್ತಕ್ಕೆ ಬರಲ್ಲ, ರಾತ್ರಿ ಬರುತ್ತವೆ. ಅದಕ್ಕೇ ನಾವು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಮನೆಮನೆಗೆ ಹೋಗಿ ಬೆರಳು ಚುಚ್ಚಬೇಕು. ನಾಯಿ ಬೊಗಳಿಸಿಕೊಂಡು, ಬೈಸಿಕೊಂಡು ಸ್ಲೈಡ್ ತರ್ತೀವಿ. ನಾವು ರಕ್ತ ತೆಗೆಯುತ್ತಿರುವಾಗಲೇ ಇನ್ನೊಂದು ಕೈಗೆ ಅದೇ ಸೊಳ್ಳೆ ಕಚ್ಚುತ್ತಿರುತ್ತೆ. ಅದು ಹವಾಯಿಯಲ್ಲೂ ಇದೆ ಅಂತ ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದನದ ಡಾಕ್ಟ್ರಮ್ಮ

ಮೇಷ್ಟ್ರೇ, ಸ್ಲೈಡ್ ಮಾತು ಬಂತಲ್ಲ, ನಾನೂ ಒಂದು ಸೇರಿಸ್ತೇನೆ. ನೀವು ನೋಡೋ ಮನುಷ್ಯರ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರಲ್ಲ. ಹಕ್ಕಿಯದರಲ್ಲಿ ಇರುತ್ತೆ. ಕಣ ಉದ್ದುದ್ದ, ಸಣ್ಣ ಹಲಸಿನ ಬೀಜದ ಆಕಾರ. ನಟ್ಟ ನಡುವೆ ನೇರಳೆ ಬಣ್ಣದ ನ್ಯೂಕ್ಲಿಯಸ್. ಎಲ್ಲಾ ಕಣಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕೂತಿರುತ್ತವೆ. ರೆಲಿಕ್ಟಂ ಹೊಕ್ಕ ಕಣ ಮಾತ್ರ ಬೇರೆ. ನ್ಯೂಕ್ಲಿಯಸ್ ಒಂದು ಮೂಲೆಗೆ ಸರಿದಿರುತ್ತೆ, ಇನ್ನೊಂದು ಕಡೆ ತಿಳಿನೀಲಿ ಉಂಡೆ, ಅದರೊಳಗೆ ಕಂದು ಕಾಳುಗಳು. ರಕ್ತದ ಕೆಂಪನ್ನ ತಿಂದು ಉಳಿಸಿದ ಕಸ ಅದು. ಮನೆಯವರನ್ನ ಮೂಲೆಗೆ ತಳ್ಳಿ ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡ ನೆಂಟನ ಹಾಗೆ.

ಚಳಿಜ್ವರ ಅಲ್ಲ, ಹಕ್ಕಿಯನ್ನ ಕೊಲ್ಲೋದು ರಕ್ತಹೀನತೆ. ಲಿವರ್, ಸ್ಪ್ಲೀನ್ ಊದಿಕೊಳ್ಳುತ್ತವೆ. ಮೇವು ಬಿಡುತ್ತೆ, ತೂಕ ಇಳಿಯುತ್ತೆ, ಗರಿ ಕೆದರಿಕೊಂಡು ಕೂರುತ್ತೆ. ಇಪ್ಪತ್ತು ಗ್ರಾಂ ಆಸುಪಾಸಿನ ಹಕ್ಕಿ ಅದು, ಎಷ್ಟು ದಿನ ತಡೆಯುತ್ತೆ ಹೇಳಿ.

ಕೋಳಿಗೂ ಒಂದು ಮಲೇರಿಯಾ ಇದೆ, ಗ್ಯಾಲಿನೇಸಿಯಂ ಅಂತ. ಅದರ ಹಳೇ ಮನೆ ಏಷ್ಯಾದ ಕಾಡುಕೋಳಿ. ಕಾಡುಕೋಳಿ ಅದನ್ನ ಹೇಗೋ ಸಂಭಾಳಿಸುತ್ತೆ, ಸಾಕಿದ ಕೋಳಿಗೆ ತಗುಲಿದರೆ ಹಿಂಡು ಹಿಂಡೇ ಮಲಗುತ್ತೆ. ಹವಾಯಿ ಕತೆನೂ ಹೀಗೇ ಇರಬೇಕು.

ಪಿಕಳಾರ

ಹಾಗೇ ಇದೆ ಡಾಕ್ಟ್ರೇ, ಆದರೆ ಇನ್ನೊಂದು ಸುತ್ತು ಜಾಸ್ತಿ. ನಾನು ಹಕ್ಕಿಗಳ ಬಗ್ಗೆಯೇ ಓದಿದವಳು, ಸ್ವಲ್ಪ ಉದ್ದ ಬರೀತೇನೆ. ಚಹಾ ಇಟ್ಟುಕೊಂಡು ಓದಿ.

1826ಕ್ಕೆ ಮೊದಲು ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. ಒಂದೂ ಇಲ್ಲ. ಆ ವರ್ಷ ವೆಲಿಂಗ್ಟನ್ ಅನ್ನೋ ಹಡಗು ಮೆಕ್ಸಿಕೋದ ಸಾನ್ ಬ್ಲಾಸ್‌ನಿಂದ ಬಂದು ಮಾವಿಯ ಲಹೈನಾದಲ್ಲಿ ಲಂಗರು ಹಾಕಿತು. ನಾವಿಕರು ಪೀಪಾಯಿಯ ತಳದಲ್ಲಿ ಉಳಿದ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿಕೊಂಡರು. ಚೆಲ್ಲಿದ ನೀರಲ್ಲಿ ಸೊಳ್ಳೆ ಮರಿಗಳಿದ್ದವು. ಸ್ವಲ್ಪ ದಿನಕ್ಕೆ ಊರವರು ಅಲ್ಲಿನ ಪಾದ್ರಿಯ ಹತ್ತಿರ ಬಂದು, ಕಿವಿ ಹತ್ತಿರ ಹಾಡೋ ಹೊಸ ಹುಳ ಬಂದಿದೆ ಅಂತ ಹೇಳಿದರಂತೆ. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ.

ಬರೀ ಸೊಳ್ಳೆ ಬಂದರೆ ಮಲೇರಿಯಾ ಬರಲ್ಲ. ಪರೋಪಜೀವಿ ಇರೋ ರಕ್ತ ಬೇಕು. ಅದು ಬಂದಿದ್ದು ಹೊರಗಿನ ಹಕ್ಕಿಗಳ ಮೈಯಲ್ಲಿ. ಸಾಗರದವರು ಕೇಳಿದ ಗೊರವಂಕವನ್ನ 1865ರಲ್ಲಿ ವಿಲಿಯಂ ಹಿಲ್ಲೆಬ್ರಾಂಡ್ ಅನ್ನೋ ವೈದ್ಯರು ಭಾರತದಿಂದ ತರಿಸಿದರು. ಹುಲ್ಲುಗಾವಲು ತಿಂದು ಹಾಕ್ತಿದ್ದ ಹುಳುಗಳನ್ನ ತಿನ್ನಲಿ ಅಂತ. ಚುಕ್ಕೆ ರಾಟವಾಳ ತರಿಸಿದ್ದೂ ಅವರೇ.

ಆಮೇಲಿಂದು ಕೇಳಿ. 1900ರ ಹೊತ್ತಿಗೆ ಕೆಳಗಿನ ಊರುಗಳ ಸುತ್ತ ಸ್ಥಳೀಯ ಹಕ್ಕಿಗಳ ದನಿಯೇ ಕಮ್ಮಿಯಾಗಿತ್ತು. ತೋಟದಲ್ಲಿ ಹಾಡೋ ಹಕ್ಕಿ ಇಲ್ಲವಲ್ಲ ಅಂತ ಜನಕ್ಕೆ ಬೇಜಾರು. 1930ರಲ್ಲಿ ಹುಯಿ ಮಾನು ಅಂತ ಒಂದು ಸಂಘವನ್ನೇ ಕಟ್ಟಿಕೊಂಡು ಬೇರೆ ದೇಶಗಳಿಂದ ಹಾಡುಹಕ್ಕಿಗಳನ್ನ ತರಿಸಿ ಬಿಟ್ಟರು. ಸುಮಾರು 1968ರ ತನಕ ಈ ಕೆಲಸ ನಡೀತು. ಹಾಡುಹಕ್ಕಿ ಸತ್ತಿದ್ದಕ್ಕೆ ಹಾಡುಹಕ್ಕಿ ತರಿಸಿದರು, ಬಂದದ್ದರಲ್ಲಿ ಕೆಲವು ಕಾಯಿಲೆಗೆ ಹೊಸ ಮನೆಯಾದವು. ಜಪಾನಿನ ಬೆಳ್ಗಣ್ಣ ಅನ್ನೋ ಪುಟ್ಟ ಹಕ್ಕಿಯನ್ನ ಸಂಘ ಹುಟ್ಟೋ ಮೊದಲೇ, 1929ರಲ್ಲಿ, ಬಿಟ್ಟಾಗಿತ್ತು. ಈಗ ಅದಿಲ್ಲದ ಕಾಡಿಲ್ಲ.

ಸ್ಥಳೀಯ ಹಕ್ಕಿಗಳು ಯಾರು ಅಂದರೆ, ಲಕ್ಷಾಂತರ ವರ್ಷದ ಹಿಂದೆ ಏಷ್ಯಾ ಕಡೆಯಿಂದ ಹಾರಿ ಬಂದ ಗುಲಾಬಿ ಫಿಂಚ್ ಅನ್ನೋ ಪುಟ್ಟ ಹಕ್ಕಿಗಳ ಮೊಮ್ಮಕ್ಕಳು. ಒಂದೇ ಮೂಲದಿಂದ 50ಕ್ಕೂ ಹೆಚ್ಚು ಜಾತಿ ಆದವು. ಈಗ ಉಳಿದಿರೋದು 17. ಸೊಳ್ಳೆ ಇಲ್ಲದ ಊರಲ್ಲಿ ಬೆಳೆದ ಮೈ ಅದು. ಮಲೇರಿಯಾವನ್ನ ತಡೆಯೋ ಅಭ್ಯಾಸವೇ ಇರಲಿಲ್ಲ.

ಕೆಂಬೂತ ಕಾರ್ಕಳ

ಪಿಕಳಾರ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದ್ರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ ಮಾರಾಯ್ರೆ. ಕಬ್ಬು ಬೆಳೀಲಿಕ್ಕೆ ಅಲ್ಲಿನ ಕೆಳಗಿನ ಕಾಡು ಪೂರ್ತಿ ಕಡಿದರಲ್ವಾ? ಇಲಿ ಬಂತು, ಬೆಕ್ಕು ಬಂತು, ಮುಂಗುಸಿಯನ್ನೂ ತಂದು ಬಿಟ್ಟರು. ಮೊಟ್ಟೆ ಮರಿ ಉಳೀತದಾ? ಅರಸರು ಗರಿಯ ಮೇಲಂಗಿ ಹೊಲಿಸಲಿಕ್ಕೆ ಸಾವಿರಗಟ್ಟಲೆ ಹಕ್ಕಿ ಹಿಡಿಸಿದರಂತೆ. ಇಷ್ಟೆಲ್ಲಾ ಬಿಟ್ಟು ಒಂದು ಸೊಳ್ಳೆ, ಒಂದು ಗೊರವಂಕದ ಮೇಲೆ ಹಾಕಿದರೆ ಹೇಗೆ? ಮಲೇರಿಯಾದಿಂದಲೇ ಸತ್ತದ್ದು ಅಂತ ನೋಡಿದವರು ಯಾರು?

ಪಿಕಳಾರ

ಕೇಳಬೇಕಾದ ಪ್ರಶ್ನೆಯೇ ಕೇಳಿದಿರಿ. ಇಲಿ, ಕಾಡು ಕಡಿದದ್ದು, ಎಲ್ಲಾ ನಿಜ. ಆದರೆ ಕಾಡು ಹಾಗೇ ಇದ್ದ ಕೆಳಗಿನ ಜಾಗಗಳಲ್ಲೂ ಹಕ್ಕಿ ಮಾಯವಾಗಿದ್ದವು. ಮರ ಇದೆ, ಹೂವಿದೆ, ಹಕ್ಕಿ ಇಲ್ಲ. ಅದೇ ಅನುಮಾನ ಹುಟ್ಟಿಸಿದ್ದು.

ರಿಚರ್ಡ್ ವಾರ್ನರ್ ಅನ್ನೋರು ಲೇಸನ್ ಅನ್ನೋ ಸೊಳ್ಳೆಯಿಲ್ಲದ ಪುಟ್ಟ ದ್ವೀಪದಿಂದ ಫಿಂಚ್ ಹಕ್ಕಿ ತಂದರು. ಕೆಲವನ್ನ ಸೊಳ್ಳೆ ನುಗ್ಗದ ಬಟ್ಟೆ ಕಟ್ಟಿದ ಪಂಜರದಲ್ಲಿಟ್ಟರು, ಕೆಲವನ್ನ ಸೊಳ್ಳೆ ತಾಗೋ ಹಾಗೆ ಬಿಟ್ಟರು. ತಾಗಿದವು ಸತ್ತವು. 1968ರಲ್ಲಿ ಅದನ್ನ ಪ್ರಕಟಿಸಿದರು.

ಇನ್ನೂ ಖಚಿತವಾದದ್ದು 1995ರಲ್ಲಿ ಬಂತು. ಕಾರ್ಟರ್ ಅಟ್ಕಿನ್‌ಸನ್ ಮತ್ತು ಜೊತೆಗಾರರು ಎಳೆಯ ಇಇವಿಗಳಿಗೆ ಕಾಯಿಲೆ ಇರೋ ಸೊಳ್ಳೆಯಿಂದ ಕಚ್ಚಿಸಿದರು. ಒಂದೇ ಒಂದು ಕಡಿತಕ್ಕೆ ನೂರಕ್ಕೆ 90 ಸತ್ತವು. ಹಲವು ಸಲ ಕಚ್ಚಿಸಿಕೊಂಡವು ಎಲ್ಲಾ ಸತ್ತವು. ಹೋಲಿಕೆಗೆ ಅಂತ ಹೊರಗಿನ ಒಂದು ಹಕ್ಕಿಯನ್ನೂ ಇಟ್ಟಿದ್ದರು. ಯಾವುದು ಹೇಳಿ? ಸಾಗರದವರ ಹುಲ್ಲಿನ ಮೇಲೆ ಕೂರೋ ಚುಕ್ಕೆ ರಾಟವಾಳ! ಅದಕ್ಕೆ ಏನೂ ಆಗಲಿಲ್ಲ. ಕಾಯಿಲೆ ಅದರ ಮೈಗೆ ಹತ್ತಲೇ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಕಾಯಿಲೆ ಹತ್ತದ ಹಕ್ಕಿ ಹರಡೋದೂ ಇಲ್ಲ. ಹಾಗಾಗಿ ರಾಟವಾಳ ಈ ಕೇಸಿನಲ್ಲಿ ನಿರಪರಾಧಿ. ತೊಂದರೆ ಇರೋದು ನಡುವಿನವರಿಂದ. ಕಾಯಿಲೆ ಹತ್ತುತ್ತೆ, ಸಾಯಲ್ಲ, ರಕ್ತದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು ಓಡಾಡುತ್ತವೆ. ಕಚ್ಚಿದ ಸೊಳ್ಳೆಗಳಲ್ಲಿ ಕೆಲವಕ್ಕೆ ಒಂದಿಷ್ಟು ದಾಟಿಸುತ್ತವೆ. ಗುಬ್ಬಚ್ಚಿ ಅಂಥದ್ದು.

ಬರೀ ಓದೋನು

ಹಾಗಾದ್ರೆ ಸಿಂಪಲ್. ಹೊರಗಿನ ಹಕ್ಕಿಗಳನ್ನೆಲ್ಲಾ ಹಿಡಿದು ತೆಗೆದುಬಿಟ್ಟರೆ ಆಯ್ತಲ್ಲ?

ಕೆಂಬೂತ ಕಾರ್ಕಳ

ಹಿಡೀಲಿಕ್ಕೆ ನೀವು ಹೋಗ್ತೀರಾ? ನಮ್ಮ ತೋಟದಲ್ಲಿ ಒಂದು ಮಂಗ ಓಡಿಸ್ಲಿಕ್ಕೆ ಆಗುದಿಲ್ಲ.

ಪಿಕಳಾರ

ಹಿಡಿಯೋಕೆ ಆಗಲ್ಲ ಅನ್ನೋದು ಒಂದು. ಹಿಡಿದರೂ ಮುಗಿಯಲ್ಲ ಅನ್ನೋದು ಇನ್ನೊಂದು. ಯಾಕಂದ್ರೆ ಅಮಕಿಹಿ ಅಂತ ಒಂದು ಸ್ಥಳೀಯ ಹಕ್ಕಿ ಇದೆ, ಹಸಿರು ಹಳದಿ. ಅದರ ಹಿಂಡುಗಳು ದೊಡ್ಡ ದ್ವೀಪದ ಕೆಳಗಿನ ಕಾಡುಗಳಿಂದ ಒಂದು ಕಾಲಕ್ಕೆ ಹೆಚ್ಚುಕಡಿಮೆ ಮಾಯವಾಗಿದ್ದವು. ಆಮೇಲೆ ಉಳಿದ ಕೆಲವಕ್ಕೆ ತಾಳೋ ಶಕ್ತಿ ಬಂತು, ಮರಿಗಳಿಗೂ ಇಳೀತು. ಈಗ ಕೆಳಗೆ ಜಾಸ್ತಿಯಾಗಿವೆ. ಸಂತೋಷದ ಸುದ್ದಿ ಅಂದ್ಕೋತೀವಿ. ಆದರೆ ಅವುಗಳ ರಕ್ತದಲ್ಲೂ ಮಲೇರಿಯಾ ಉಳಿದೇ ಇರುತ್ತೆ. ಅಂದ್ರೆ ಹೊರಗಿನ ಹಕ್ಕಿ ಒಂದೂ ಇಲ್ಲದಿದ್ದರೂ ಅಮಕಿಹಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಇಇವಿಗೆ ಹೋಗ್ತಾನೇ ಇರುತ್ತೆ. 1986ರಲ್ಲಿ ಚಾರ್ಲ್ಸ್ ವಾನ್ ರೈಪರ್ ಅವರ ದೊಡ್ಡ ಅಧ್ಯಯನ ಬಂತು. ಕಾಯಿಲೆಯ ದಾಸ್ತಾನು ಸ್ಥಳೀಯ ಹಕ್ಕಿಗಳಲ್ಲೇ ಜಾಸ್ತಿ ಇದೆ ಅಂತ ಅದರಲ್ಲೇ ಕಂಡಿತ್ತು.

ಹಾಗಾಗಿ ಗೈಡ್ ಹೇಳಿದ್ದು ಅರ್ಧ ಸರಿ. ಹೊರಗಿನ ಹಕ್ಕಿ ಬೆಂಕಿಕಡ್ಡಿ ತಂದಿತು. ಈಗ ಉರೀತಿರೋ ಮನೆಯಲ್ಲಿ ಕಡ್ಡಿ ಹುಡುಕಿ ಏನು ಮಾಡೋಣ?

ಹಳೇ ಪೇಪರ್

ಮಕ್ಕಳೇ, ಎಪ್ಪತ್ತು ದಾಟಿದವನು, ನಿಧಾನವಾಗಿ ಟೈಪ್ ಮಾಡುತ್ತೇನೆ. ಈ ಸೊಳ್ಳೆ, ಈ ಪರೋಪಜೀವಿ, ಎರಡಕ್ಕೂ ನಮ್ಮ ದೇಶದ ನಂಟು ಇದೆ. ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ರೊನಾಲ್ಡ್ ರಾಸ್ ಹೆಸರು ಕೇಳಿರುತ್ತೀರಿ. ಹುಟ್ಟಿದ್ದು ಅಲ್ಮೋರಾದಲ್ಲಿ. 1883ರಲ್ಲಿ ನಮ್ಮ ಬೆಂಗಳೂರು ದಂಡಿನಲ್ಲಿ ಡಾಕ್ಟರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ. ನೋಡಿದರೆ ಕಿಟಕಿಯ ಹೊರಗೆ ಒಂದು ಪೀಪಾಯಿ ನೀರು, ಅದರ ತುಂಬಾ ಮರಿಗಳು. ಬೋರಲು ಹಾಕಿದರು, ಸೊಳ್ಳೆ ಕಮ್ಮಿಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಇದೆ ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

1897ರಲ್ಲಿ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡರು. ಆದರೆ ಅದು ಸೊಳ್ಳೆಯಿಂದ ಮತ್ತೊಬ್ಬರಿಗೆ ದಾಟುವುದು ಹೇಗೆ ಎಂಬ ಪೂರ್ತಿ ಚಕ್ರ ಸಿಕ್ಕಿದ್ದು 1898ರಲ್ಲಿ, ಕಲ್ಕತ್ತೆಯಲ್ಲಿ, ಹಕ್ಕಿಗಳಲ್ಲಿ! ಕಾಯಿಲೆ ಇದ್ದ ಗುಬ್ಬಚ್ಚಿ, ಬಾನಾಡಿ (ಲಾರ್ಕ್) ಹಕ್ಕಿಗಳನ್ನು ಪಂಜರದಲ್ಲಿಟ್ಟು ಬೂದು ಸೊಳ್ಳೆಗಳಿಂದ ಕಚ್ಚಿಸಿದರು. ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಪರೋಪಜೀವಿ ಬಂದು ಕೂತಿತ್ತು. ಅದೇ ಸೊಳ್ಳೆಗಳಿಂದ ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೆ ಕಚ್ಚಿಸಿದರು, ಅವಕ್ಕೂ ಬಂತು. ಆಗ ಅದನ್ನು ಪ್ರೋಟಿಯೋಸೋಮ ಎನ್ನುತ್ತಿದ್ದರು. ಇವತ್ತಿನ ಹೆಸರು ಪ್ಲಾಸ್ಮೋಡಿಯಂ ರೆಲಿಕ್ಟಂ. ಬೂದು ಸೊಳ್ಳೆ ಯಾವುದು? ಸ್ಲೈಡ್ ಮೇಷ್ಟ್ರ ಕೈ ಕಚ್ಚುವ ಕ್ಯೂಲೆಕ್ಸೇ. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಗುಬ್ಬಚ್ಚಿಗಳಿಗೆ ಏನೂ ಬರಲಿಲ್ಲ.

ಸ್ಲೈಡ್ ಮೇಷ್ಟ್ರು

ಸರ್, ಬೆಂಗಳೂರಿನ ಪೀಪಾಯಿ ಕತೆ ನನಗೆ ಗೊತ್ತೇ ಇರಲಿಲ್ಲ. ನಾಳೆ ಆಫೀಸಲ್ಲಿ ಹೇಳ್ತೀನಿ. ಲಾರ್ವಾ ಸರ್ವೆಗೆ ಹೋದಾಗ ನಾವೂ ಅದೇ ಮಾಡೋದು, ಡ್ರಮ್ ಬೋರಲು ಹಾಕೋದು. ಜನ ಬೈಯ್ಯೋದು.

ಸಾಗರದ ಹುಡುಗಿ

ಅಬ್ಬಾ, ಎಷ್ಟೊಂದು ಬರೆದಿದ್ದೀರಿ! ಥ್ಯಾಂಕ್ಸ್ ಎಲ್ಲರಿಗೂ. ಒಂದು ಡೌಟ್. ಇಲ್ಲಿ ಬೆಟ್ಟದ ಮೇಲಿನ ಕಾಡಲ್ಲಿ ಡ್ರಮ್ಮೂ ಇಲ್ಲ, ಚರಂಡಿನೂ ಇಲ್ಲ. ಕ್ಯೂಲೆಕ್ಸ್ ಊರ ಸೊಳ್ಳೆ ಅಲ್ವಾ? ಕಾಡಲ್ಲಿ ಮೊಟ್ಟೆ ಎಲ್ಲಿಡುತ್ತೆ?

ಪಿಕಳಾರ

ಹಂದಿ ಮಾಡಿಟ್ಟ ತೊಟ್ಟಿಯಲ್ಲಿ.

ಅಲ್ಲಿ ಹಾಪುಉ ಅಂತ ಮರದಷ್ಟು ಎತ್ತರದ ಜರೀಗಿಡ ಇದೆ. ಅದರ ಕಾಂಡದೊಳಗೆ ಹಿಟ್ಟಿನಂಥ ತಿರುಳು. ಕಾಡಿಗೆ ಬಿದ್ದ ಹಂದಿಗಳು ಗಿಡವನ್ನ ಉರುಳಿಸಿ, ತಿರುಳನ್ನ ಬಗೆದು ತಿಂದು ಹೋಗ್ತವೆ. ಉಳಿಯೋದು ದೋಣಿಯ ಹಾಗೆ ಟೊಳ್ಳಾದ ಕಾಂಡ. ಮಳೆ ಬಂದರೆ ತುಂಬುತ್ತೆ, ಎಲೆ ಬಿದ್ದು ಕೊಳೆಯುತ್ತೆ. ಕ್ಯೂಲೆಕ್ಸ್‌ಗೆ ಕೊಳೆತ ನೀರೇ ಇಷ್ಟ. ನೂರಾರು ಮೊಟ್ಟೆಗಳನ್ನ ಒಟ್ಟಿಗೆ ಅಂಟಿಸಿ ತೆಪ್ಪದ ಹಾಗೆ ತೇಲಿಬಿಡುತ್ತೆ. ಮರಿಗಳು ಬಾಲದ ತುದಿಯ ಕೊಳವೆಯನ್ನ ನೀರಿನ ಮೇಲಕ್ಕೆ ಚಾಚಿ ತಲೆಕೆಳಗಾಗಿ ನೇತಾಡ್ತಾ ಇರುತ್ತವೆ. ನೆರಳು ಬಿದ್ದರೆ ಸಾಕು, ಎಲ್ಲಾ ಒಟ್ಟಿಗೆ ಕುಣೀತಾ ತಳಕ್ಕೆ ಇಳೀತವೆ.

ಕೆಂಬೂತ ಕಾರ್ಕಳ

ಹಂದಿಯ ವಿಷಯ ಮಾತ್ರ ಒಪ್ಪಿದೆ! ನಮ್ಮಲ್ಲಿ ಬೈನೆ ಸಸಿ, ಅಡಿಕೆ ಸಸಿ, ಕೆಸು, ಯಾವುದನ್ನೂ ಬಿಡುದಿಲ್ಲ. ರಾತ್ರಿ ಬಂದು ಗದ್ದೆ ಉತ್ತಿಟ್ಟು ಹೋಗ್ತವೆ, ಬಾಡಿಗೆ ಕೇಳುದಿಲ್ಲ ಅಷ್ಟೆ. ಬೇಲಿ ಹಾಕ್ತಾರಾ ಅಲ್ಲಿ?

ಪಿಕಳಾರ

ಹಾಕ್ತಾರೆ. ಮೈಲುಗಟ್ಟಲೆ ಬೇಲಿ ಹಾಕಿ ಒಳಗಿನ ಹಂದಿ ತೆಗೆದ ಕಾಡುಗಳಿವೆ. ಅಲ್ಲಿ ಜರೀಗಿಡ ಮತ್ತೆ ಚಿಗುರಿವೆ. ಆದರೆ ಬೇಲಿ ಹಂದಿಯನ್ನ ತಡೆಯುತ್ತೆ, ಬಿಸಿಯನ್ನ ತಡೆಯಲ್ಲ.

ಸೊಳ್ಳೆಯ ಹೊಟ್ಟೆಯಲ್ಲಿ ಈ ಪರೋಪಜೀವಿ ಬೆಳೀಬೇಕಾದರೆ ಶಾಖ ಬೇಕು. 17 ಡಿಗ್ರಿಗಿಂತ ಕೆಳಗೆ ಹರಡೋದು ಬಹಳ ಕಷ್ಟ. 13ರ ಕೆಳಗೆ ಬೆಳವಣಿಗೆಯೇ ನಿಂತು ಹೋಗುತ್ತೆ. ಅದಕ್ಕೇ ಸಾಗರದವರಿಗೆ ಹಲ್ಲು ಕಟಕಟ ಅಂದ ಜಾಗದಲ್ಲಿ ಇಇವಿ ಸಿಕ್ಕಿದ್ದು. ಸುಮಾರು 1,500 ಮೀಟರಿನ ಮೇಲೆ ಕ್ಷೇಮ ಅನ್ನೋ ಲೆಕ್ಕ ಇತ್ತು. ಆ ಗೆರೆ ಈಗ ಮೇಲೆ ಮೇಲೆ ಹೋಗ್ತಿದೆ. ಹಲೆಅಕಲಾ 3,000 ಮೀಟರ್ ದಾಟುತ್ತೆ, ಅಲ್ಲಿ ಇನ್ನೂ ಸ್ವಲ್ಪ ಹತ್ತೋಕೆ ಜಾಗ ಇದೆ. ಕೌಆಯಿ ದ್ವೀಪದಲ್ಲಿ ಅದೂ ಇಲ್ಲ. ಅದರ ತುತ್ತತುದಿಯೇ 1,598 ಮೀಟರ್. ನಮ್ಮ ಕುದುರೆಮುಖಕ್ಕಿಂತ ಗಿಡ್ಡ. ಅದರ ಅಲಕಾಇ ಪ್ರಸ್ಥಭೂಮಿಯಲ್ಲಿ ಮಲೇರಿಯಾ ಇರೋ ಹಕ್ಕಿಗಳ ಪ್ರಮಾಣ 1990ರ ದಶಕದಿಂದ ಈಚೆಗೆ ದುಪ್ಪಟ್ಟಿಗೂ ಜಾಸ್ತಿಯಾಯಿತು. ಅಲ್ಲೇ ಅಕಿಕಿಕಿ ಅನ್ನೋ ಬೂದು ಬಣ್ಣದ ಪುಟ್ಟ ಹಕ್ಕಿ ಇತ್ತು. 2023ರ ಹೊತ್ತಿಗೆ ಕಾಡಲ್ಲಿ ಐದೇ ಉಳಿದಿದ್ದವು. ಉಳಿದ ವಂಶ ಈಗ ಪಂಜರದಲ್ಲಿದೆ.

ಇಇವಿಗೆ ಇನ್ನೊಂದು ಕಷ್ಟ ಇದೆ. ಅದು ಹೂವಿನ ಹಿಂದೆ ಹೋಗೋ ಹಕ್ಕಿ. ಕೆಳಗೆ ಓಹಿಅ ಮರ ಹೂಬಿಟ್ಟರೆ ಬೆಟ್ಟ ಇಳಿದು ಮಕರಂದ ಕುಡಿಯೋಕೆ ಹೋಗುತ್ತೆ.

ದನದ ಡಾಕ್ಟ್ರಮ್ಮ

ಹಕ್ಕಿಗಳನ್ನ ಬೇರೆ ಜಾಗಕ್ಕೆ ಒಯ್ದು ಬಿಡೋ ಪ್ರಯತ್ನ ಮಾಡಿದ್ದರಲ್ಲ, ಅದೇನಾಯ್ತು?

ಪಿಕಳಾರ

ಅದನ್ನ ಬರೆಯೋಕೇ ಬೇಜಾರು. ಕಿವಿಕಿಉ ಅಂತ ಒಂದು ಹಕ್ಕಿ, ಗಿಣಿಯಂಥ ಕೊಕ್ಕು. (ಕಿವಿ ಅಂದ ತಕ್ಷಣ ನಮಗೆ ಬೇರೆಯದೇ ನೆನಪಾಗುತ್ತೆ, ನಗಬೇಡಿ.) ಮಾವಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಎಲ್ಲಾ ಒಂದೇ ಕಡೆ ಇದ್ದರೆ ಅಪಾಯ ಅಂತ 2019ರಲ್ಲಿ ಬೆಟ್ಟದ ಇನ್ನೊಂದು ಮಗ್ಗುಲಿನ ನಕುಲ ಕಾಡಿಗೆ 14 ಹಕ್ಕಿ ಒಯ್ದರು. ಏಳು ಕಾಡಿನವು, ಏಳು ಸಾಕಿದವು. ವರ್ಷಗಟ್ಟಲೆ ಗಿಡ ನೆಟ್ಟು ಆ ಕಾಡನ್ನ ಸಿದ್ಧ ಮಾಡಿದ್ದರು. ಕೆಲವೇ ವಾರಗಳಲ್ಲಿ ಮಲೇರಿಯಾ. ಒಂದೊಂದೇ ಸತ್ತು ಸಿಕ್ಕವು, ಉಳಿದವು ಕಾಣೆ. 2021ರಲ್ಲಿ ಒಂದು ಗಂಡು ಮಾತ್ರ ಜೀವಂತ ಸಿಕ್ಕಿತು.

2023ರ ಆಗಸ್ಟಿನಲ್ಲಿ ಮಾವಿಯಲ್ಲಿ ಕಾಡ್ಗಿಚ್ಚು ಬಂತಲ್ಲ, ಲಹೈನಾ ಸುಟ್ಟುಹೋದದ್ದು. ಅದೇ ದಿನ ಇನ್ನೊಂದು ಬೆಂಕಿ ಮೇಲಿನ ಹಕ್ಕಿ ಸಂರಕ್ಷಣಾ ಕೇಂದ್ರದ ಹತ್ತಿರಕ್ಕೇ ಬಂದಿತ್ತು. ಒಳಗೆ ಅಕಿಕಿಕಿಗಳೂ ಇದ್ದವು. ಅಲ್ಲಿನ ಸಿಬ್ಬಂದಿ, ಪಕ್ಕದ ಮನೆಯವರು ಸೇರಿ ತೋಟಕ್ಕೆ ನೀರು ಬಿಡೋ ಪೈಪು ಹಿಡಿದು ಆರಿಸಿದರು.

ಬರೀ ಓದೋನು

ಔಷಧಿ ಹೊಡೆಯೋಕಾಗಲ್ವಾ? ಫಾಗಿಂಗ್ ಥರ?

ಸ್ಲೈಡ್ ಮೇಷ್ಟ್ರು

ಫಾಗಿಂಗ್ ಮಾಡಿದರೆ ಓಣಿಯ ಮಕ್ಕಳು ಹಿಂದೆ ಓಡ್ತಾರೆ, ಸೊಳ್ಳೆ ಎರಡು ದಿನಕ್ಕೆ ವಾಪಸ್. ಕಡಿದಾದ ಮಳೆಕಾಡಲ್ಲಂತೂ ಮಾತೇ ಬೇಡ. ಹಕ್ಕಿ ತಿನ್ನೋ ಹುಳುಗಳೂ ಸಾಯ್ತವೆ.

ಪಿಕಳಾರ

ಅಲ್ಲಿ ಈಗ ಸೊಳ್ಳೆಯಿಂದಲೇ ಸೊಳ್ಳೆ ಕಮ್ಮಿ ಮಾಡ್ತಿದ್ದಾರೆ. ವೋಲ್ಬಾಕಿಯಾ ಅಂತ ಒಂದು ಬ್ಯಾಕ್ಟೀರಿಯಾ, ಕ್ಯೂಲೆಕ್ಸ್ ಮೈಯಲ್ಲಿ ಸಹಜವಾಗೇ ಇರುತ್ತೆ. ಲ್ಯಾಬಿನಲ್ಲಿ ಬೇರೆ ತಳಿಯ ವೋಲ್ಬಾಕಿಯಾ ಇರೋ ಗಂಡು ಸೊಳ್ಳೆ ಬೆಳೆಸ್ತಾರೆ. ಕಾಡಿನ ಹೆಣ್ಣು ಅದರ ಜೊತೆ ಕೂಡಿದರೆ ಮೊಟ್ಟೆ ಇಡುತ್ತೆ, ಒಡೆಯಲ್ಲ. ಗಂಡು ಸೊಳ್ಳೆ ಕಚ್ಚೋದೂ ಇಲ್ಲ. 2023ರ ನವೆಂಬರಿನಿಂದ ಮಾವಿಯ ಕಾಡಿನ ಮೇಲೆ ಹೆಲಿಕಾಪ್ಟರಿನಿಂದ ಇಂಥ ಗಂಡುಗಳನ್ನ ವಾರಕ್ಕೆ ಲಕ್ಷಗಟ್ಟಲೆ ಬಿಡ್ತಿದ್ದಾರೆ. ಮಣ್ಣಲ್ಲಿ ಕರಗೋ ಡಬ್ಬಿಗಳಲ್ಲಿ ತುಂಬಿ ಉದುರಿಸೋದು. 2025ರಲ್ಲಿ ಡ್ರೋನ್ ಕೂಡ ಬಂತು. ಸೊಳ್ಳೆ ಬಿಡಬೇಡಿ ಅಂತ ಕೆಲವರು ಕೋರ್ಟಿಗೂ ಹೋಗಿದ್ದರು.

ಹಳೇ ಪೇಪರ್

ಇದು ಹೊಸದೇನಲ್ಲಮ್ಮ. 1967ರಲ್ಲಿ ರಂಗೂನಿನ ಹತ್ತಿರ ಓಕ್ಪೋ ಎಂಬ ಹಳ್ಳಿಯಲ್ಲಿ ಲಾವನ್ ಎಂಬುವರು ಇದೇ ಕ್ಯೂಲೆಕ್ಸ್‌ನ, ಕೂಡಿದರೂ ಮೊಟ್ಟೆ ಒಡೆಯದಂಥ ಗಂಡುಗಳನ್ನು ಬಿಟ್ಟು ಊರಿನ ಸೊಳ್ಳೆಯನ್ನು ಇಲ್ಲವಾಗಿಸಿದ್ದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿ ದೆಹಲಿಯಲ್ಲಿ ಒಂದು ಘಟಕ ತೆರೆದರು. ಪೇಪರುಗಳಲ್ಲಿ ಗಲಾಟೆಯೋ ಗಲಾಟೆ. ಇದು ಅಮೆರಿಕದವರ ಜೈವಿಕ ಯುದ್ಧದ ತಯಾರಿ ಎಂದು. ಪಾರ್ಲಿಮೆಂಟಿಗೂ ಹೋಯಿತು. ಸೋನಿಪತ್‌ನಲ್ಲಿ ಸೊಳ್ಳೆ ಬಿಡುವ ಕಾರ್ಯಕ್ರಮ ರದ್ದಾಗಿ 1975ರಲ್ಲಿ ಘಟಕವೇ ಮುಚ್ಚಿತು. ಆಗ ನಾನು ಕಾಲೇಜು ಮುಗಿಸಿದ್ದೆ, ಹೋಟೆಲಿನಲ್ಲಿ ಬೈ ಟೂ ಕಾಫಿ ಮೇಲೆ ನಾವೂ ಕೂಗಾಡಿದ್ದೆವು. ಯಾವ ಪಕ್ಷ ಎಂದು ಕೇಳಬೇಡಿ, ಸೊಳ್ಳೆ ಬೇಡ ಎನ್ನುವ ಪಕ್ಷ.

ಬರೀ ಓದೋನು

ಹಾಗಾದ್ರೆ ನಮ್ಮ ಪಶ್ಚಿಮ ಘಟ್ಟದ ಹಕ್ಕಿಗಳಿಗೂ ಈ ಗತಿ ಬರುತ್ತಾ?

ಪಿಕಳಾರ

ಅದೇ ಗತಿ ಅಂತ ಹೆದರಬೇಕಿಲ್ಲ. ನಮ್ಮ ಶೋಲಾ ಕಾಡಿನ ಹಕ್ಕಿಗಳ ರಕ್ತದಲ್ಲೂ ಪ್ಲಾಸ್ಮೋಡಿಯಂ, ಅದರ ದಾಯಾದಿ ಹೀಮೋಪ್ರೋಟಿಯಸ್ ಸಿಕ್ಕಿವೆ. ಆದರೆ ಇಲ್ಲಿ ಸೊಳ್ಳೆ, ಹಕ್ಕಿ, ಪರೋಪಜೀವಿ ಮೂರೂ ತಲೆತಲಾಂತರದಿಂದ ಒಟ್ಟಿಗೇ ಬಾಳಿವೆ. ಹವಾಯಿಯಲ್ಲಿ ಮೂರೂ ಬೇರೆ ಬೇರೆ ದಿಕ್ಕಿನಿಂದ ಬಂದು ನೂರೇ ವರ್ಷದಲ್ಲಿ ಭೇಟಿಯಾದವು. ನಮ್ಮಲ್ಲೂ ಬಿಸಿ ಏರಿದರೆ ಬೆಟ್ಟದ ತುದಿಯ ಹಕ್ಕಿಗಳಿಗೆ ಯಾವುದು ಎಷ್ಟು ತಾಗುತ್ತೆ ಅನ್ನೋದನ್ನ ನೋಡ್ತಾ ಇರಬೇಕು.

ಸಾಗರದ ಹುಡುಗಿ

ಇವತ್ತು ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಹೋಗೋ ಮೊದಲು ಬಾಲ್ಕನಿಯ ಕುಂಡಗಳ ಕೆಳಗಿನ ತಟ್ಟೆ ನೋಡಿದೆ. ಎರಡರಲ್ಲಿ ಮರಿಗಳು ನೇತಾಡ್ತಿದ್ದವು. ಪಿಕಳಾರ ಮೇಡಂ ಬರೆದ ಹಾಗೇ, ನನ್ನ ಕೈಯ ನೆರಳು ಬಿದ್ದದ್ದೇ ತಡ, ಕುಣೀತಾ ತಳಕ್ಕೆ ಹೋದವು. ಚೆಲ್ಲಿದೆ. ಗೊರವಂಕ ಕಂಬಿ ಮೇಲೆ ಕೂತು ನೋಡ್ತಿತ್ತು, ಅದಕ್ಕೆ ಏನೂ ಅನ್ನಲಿಲ್ಲ.

ಮೇಲೆ ಮಂಜು, ಹಕ್ಕಿ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು. ರೆಕಾರ್ಡ್ ಮಾಡಿದ್ದೇನೆ, ಕೇಳಿ.

ಕೆಂಬೂತ ಕಾರ್ಕಳ

ಕೇಳಿದೆ. ಇದು ತುಕ್ಕು ಹಿಡಿದ ಗೇಟು ತೆಗೆದ ಸದ್ದಲ್ವಾ? ಹಕ್ಕಿ ಎಲ್ಲಿ?

ಸಾಗರದ ಹುಡುಗಿ

ಅದೇ ಹಕ್ಕಿ 😄

ಕೆಂಬೂತ ಕಾರ್ಕಳ

ಹೌದಾ ಮಾರಾಯ್ರೆ! ಇನ್ನೊಮ್ಮೆ ಹಾಕಿ ನೋಡ್ತೇನೆ. ನಮ್ಮನೆ ನಾಯಿ ಗೇಟಿಗೆ ಓಡಿಯೇ ಬಿಟ್ಟಿತು.